ಹೆಬ್ಬೆರಳಿಗೆ ಗೊತ್ತಿದ್ದದ್ದು

ಹೋದ ತಿಂಗಳು ಭಾಷಣ ನಮ್ಮ ಮನೆಗೆ ಬಂದಿದ್ದಳು. ಭಾಷಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹಾಸ್ಟೆಲಿನಲ್ಲಿ ನಾವೆಲ್ಲ ಇಟ್ಟದ್ದು. ಹಲ್ಲುಜ್ಜುವಾಗಲೂ ಬಾಯಲ್ಲಿ ನೊರೆ ಇಟ್ಟುಕೊಂಡೇ ವಾದ ಮಾಡುತ್ತಿದ್ದ ಹುಡುಗಿ. ಈಗ ಅವಳ ಕಿವಿಯ ಹತ್ತಿರವೂ ಬಿಳಿ ಕೂದಲು ಬಂದಿದೆ, ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಐವತ್ತು ವರ್ಷ ತುಂಬುತ್ತದಂತೆ, ಅದಕ್ಕೊಂದು ಪುಸ್ತಕ ಮಾಡುತ್ತಾರಂತೆ, ನಾನೂ ಬರೆಯಬೇಕಂತೆ. ನನ್ನ ಓದು ಮೂರನೇ ಕ್ಲಾಸಿಗೇ ಮುಗಿಯಿತು, ಬೇರೆ ಯಾರ ಹತ್ತಿರವಾದರೂ ಬರೆಸಿಕೋ ಅಂದೆ.

"ನೀವು ಮಾತಾಡೋ ಹಾಗೇ ಬರೀರಿ ಅಮ್ಮ" ಅಂದಳು. "ನಮ್ಮ ಕಾಲದಲ್ಲಿ ಆ ಹಾಸ್ಟೆಲಲ್ಲಿ ಯಾರು ಏನು ಬೇಕಾದ್ರೂ ಹೇಳಬಹುದಿತ್ತು. ಈಗಿನ ಮಕ್ಕಳಿಗೆ ಅದು ಗೊತ್ತಾಗಬೇಕು."

ಆಗ ತಲೆ ಆಡಿಸಿದೆ. ಅವಳು ಹೋದ ಮೇಲೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಉಳಿದುಬಿಟ್ಟಿತು. ಯಾರು ಏನು ಬೇಕಾದರೂ ಹೇಳಬಹುದಿತ್ತು. ಹೌದು, ಒಬ್ಬಳು ಹೇಳಿದಳು. ಅವಳಿಗೆ ಏನಾಯಿತು ಅಂತ ಭಾಷಣಕ್ಕೂ ಗೊತ್ತು, ನನಗೂ ಗೊತ್ತು. ಅದರಲ್ಲಿ ನನ್ನ ಪಾಲೆಷ್ಟು ಅಂತ ಪೂರ್ತಿ ಗೊತ್ತಿರುವುದು ನನಗೊಬ್ಬಳಿಗೇ. ಬರೆಯುವುದಾದರೆ ಅದನ್ನೇ ಬರೆಯಬೇಕು. ಹಾಸ್ಟೆಲಿನ ಗುಲಾಬಿ ಗಿಡದ ಬಗ್ಗೆ ಬರೆಯುವವರು ಬೇರೆ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಯಜಮಾನರು ಆ ಕಾಲೇಜಿನ ಬಸ್ಸು ಓಡಿಸುತ್ತಿದ್ದರು. ಒಂದು ದಿನ ಬೆಳಿಗ್ಗೆ ಬಸ್ಸು ತೊಳೆಯುತ್ತಾ ಇದ್ದವರು ಬಕೀಟು ಹಿಡಿದುಕೊಂಡೇ ಕುಸಿದರು, ಮತ್ತೆ ಏಳಲಿಲ್ಲ. ನನಗಾಗ ಮೂವತ್ತೆಂಟು, ಮಗನಿಗೆ ಹನ್ನೊಂದು. ಕಾಲೇಜಿನವರು ಕೈ ಬಿಡಲಿಲ್ಲ, ತಿಂಗಳೊಳಗೆ ಕರೆದು ಹಾಸ್ಟೆಲಿನ ಬಾಗಿಲಲ್ಲಿ ಕೂರುವ ಕೆಲಸ ಕೊಟ್ಟರು. ಬಾಗಿಲ ಪಕ್ಕದಲ್ಲಿ ಒಂದು ಗೂಡು. ಅದರೊಳಗೆ ಒಂದು ಮೇಜು, ಒಂದು ಸ್ಟೂಲು, ಗೋಡೆಗೆ ಬೀಗದ ಕೈಗಳ ಹಲಗೆ, ಮೇಜಿನ ಮೇಲೆ ಕಲ್ಲಂಗಡಿಯಷ್ಟು ಭಾರದ ರಿಜಿಸ್ಟರು. ಹೊರಗೆ ಹೋಗುವ ಹುಡುಗಿ ಹೆಸರು, ರೂಮಿನ ನಂಬರು, ಹೋದ ಹೊತ್ತು ಬರೆಯಬೇಕು, ಬಂದ ಮೇಲೆ ಬಂದ ಹೊತ್ತು ಬರೆಯಬೇಕು. ನಾನು ಅದನ್ನು ನೋಡಿಕೊಳ್ಳಬೇಕು. ಕೆಲಸ ಇಷ್ಟೇ.

ಇಷ್ಟೇ ಅಂದೆ, ಆದರೆ ನೋಡಿಕೊಳ್ಳುವುದೆಂದರೆ ಓದುವುದಲ್ಲವೇ? ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಹೆಸರು ಓದಿ ಮುಗಿಸುವಷ್ಟರಲ್ಲಿ ಹುಡುಗಿ ಬಸ್ಸು ಹತ್ತಿ ಊರು ದಾಟಿರುತ್ತಿದ್ದಳು. ಕೆಲಸ ಹೋದೀತು ಅನ್ನುವ ಹೆದರಿಕೆಗೆ ನಾನೊಂದು ಉಪಾಯ ಕಂಡುಕೊಂಡೆ. ಅಕ್ಷರ ಓದಲಿಲ್ಲ, ಕೈ ಗುರುತು ಹಿಡಿದೆ. ಮುಖ ಗುರುತು ಹಿಡಿಯುತ್ತೇವಲ್ಲ, ಹಾಗೆ. ಒಬ್ಬಳ ಅಕ್ಷರ ಬಟ್ಟೆ ಒಣಹಾಕಿದ ಹಾಗೆ ಗೆರೆಯಿಂದ ಜೋತು ಬೀಳುತ್ತಿತ್ತು. ಇನ್ನೊಬ್ಬಳದು ಇರುವೆ ಸಾಲು. ಒತ್ತಿ ಬರೆಯುವವರದು ಹಾಳೆಯ ಬೆನ್ನಿಗೆ ಉಬ್ಬಿ ಬರುತ್ತದೆ, ಹೆಬ್ಬೆರಳು ಸವರಿದರೆ ಸಾಕು. ಎರಡು ವರ್ಷದೊಳಗೆ ನಾನು ಹಾಳೆ ಮಗುಚಿ ಬೆನ್ನು ಸವರಿಯೇ ಯಾರು ಅಂತ ಹೇಳುವಷ್ಟಾದೆ. ಗೆಳತಿಯ ಬದಲು ಗೆಳತಿ ಸೈನ್ ಹಾಕಿದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. ವಾರ್ಡನ್ ಮೇಡಂ ಬಂದವರ ಮುಂದೆಲ್ಲ ನನ್ನ ಹೆಬ್ಬೆರಳಿನ ಸುದ್ದಿ ಹೇಳಿ, ಇವರು ಪೊಲೀಸಿಗೆ ಸೇರಬೇಕಿತ್ತು ಅನ್ನುತ್ತಿದ್ದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಒಳಗೊಳಗೆ ಉಬ್ಬುತ್ತಿದ್ದೆ. ಹುಟ್ಟಿದಾಗಿನಿಂದ ಬುದ್ಧಿಯ ವಿಷಯಕ್ಕೆ ನನ್ನನ್ನು ಹೊಗಳಿದವರು ಅವರೊಬ್ಬರೇ.

ಆ ಹಾಸ್ಟೆಲಿನಲ್ಲಿ ಒಂದು ಪದ್ಧತಿ ಇತ್ತು. ಊಟದ ಹಾಲಿನ ಬಾಗಿಲಿಗೆ ಒಂದು ಮರದ ಪೆಟ್ಟಿಗೆ ನೇತುಹಾಕಿತ್ತು, ಅದಕ್ಕೆ ಅನಿಸಿಕೆ ಪೆಟ್ಟಿಗೆ ಅಂತ ಹೆಸರು. ಯಾರಿಗೆ ಏನು ಅನ್ನಿಸಿದರೂ ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಬರೆಯುವ ಹಾಗಿಲ್ಲ. ಗುರುವಾರ ಸಂಜೆ ಪೆಟ್ಟಿಗೆ ತೆಗೆದು, ಒಂದೊಂದು ವಾರ ಒಂದೊಂದು ರೂಮಿನವರು ಚೀಟಿಗಳನ್ನು ಗಟ್ಟಿಯಾಗಿ ಓದಬೇಕು. ಯಾರು ಬರೆದದ್ದು ಅಂತ ಯಾರೂ ಕೇಳಬಾರದು. ಓದಿ ಮುಗಿದ ಮೇಲೆ ಚೀಟಿಗಳೆಲ್ಲ ನನ್ನ ಕೈಗೆ. ಮಾರನೇ ದಿನ ಬೆಳಿಗ್ಗೆ ಸ್ನಾನದ ನೀರೊಲೆಗೆ ಹಾಕಿ ಸುಡಬೇಕು. ಪೆಟ್ಟಿಗೆಯ ಬೀಗದ ಕೈಯೂ ನನ್ನ ಹತ್ತಿರವೇ, ಇದ್ದದ್ದು ಒಂದೇ ಕೈ. ಅಮ್ಮನಿಗೆ ಓದು ಬರುವುದಿಲ್ಲ, ಅವರ ಹತ್ತಿರ ಇದ್ದರೆ ಕ್ಷೇಮ ಅಂತ ಹಿಂದಿನ ಪ್ರಿನ್ಸಿಪಾಲರೇ ಹೇಳಿ ಕೊಟ್ಟಿದ್ದರು.

ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಉಪ್ಪಿನ ಸುದ್ದಿ, ಬಾತ್‌ರೂಮಿನ ಚಿಲಕದ ಸುದ್ದಿ, ಮೂರನೇ ಮಹಡಿಯಲ್ಲಿ ಹಾಡುವವಳ ಸುದ್ದಿ. ರಾಜಕೀಯವೂ ಬರುತ್ತಿತ್ತು. ಅದು ಬುದ್ಧಿವಂತರ ಕಾಲೇಜು, ಎಲ್ಲ ಬಗೆಯ ವಿಚಾರಕ್ಕೂ ಜಾಗ ಇದೆ ಅಂತ ಗೇಟಿನ ಹಲಗೆಯ ಮೇಲೇ ಬರೆದಿತ್ತು. ಆದರೆ ನಾನು ಹತ್ತು ವರ್ಷ ಕೇಳಿದ್ದರಲ್ಲಿ ವಿಚಾರ ಒಂದೇ ಬಗೆಯದು, ಹೇಳುವ ದನಿ ಮಾತ್ರ ಬೇರೆ ಬೇರೆ. ಎರಡು ಪಕ್ಷಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು. ಕೆಟ್ಟದ್ದನ್ನು ಹುಡುಗಿಯರು ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, 'ಆಕಡೆಯವರು' ಅನ್ನುತ್ತಿದ್ದರು. ಆಕಡೆಯವರ ನಾಯಕ ಮೂಗು ಸೀನುವುದನ್ನು ಭಾಷಣ ಅಣಕಿಸಿ ತೋರಿಸಿದರೆ ಹಾಲಿಗೆ ಹಾಲೇ ಬಿದ್ದು ನಗುತ್ತಿತ್ತು. ನಾನೂ ನಗುತ್ತಿದ್ದೆ.

ನಾನು ಆಕಡೆಯವರಿಗೇ ಓಟು ಹಾಕುತ್ತಿದ್ದವಳು.

ಇದನ್ನು ಅಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ದೊಡ್ಡ ಕಾರಣವೇನಿಲ್ಲ. ಹದಿನಾಲ್ಕು ವರ್ಷ ನಾನು ಪಕ್ಕದ ಬೀದಿಯಿಂದ ಸೊಂಟಕ್ಕೊಂದು ತಲೆಗೊಂದು ಕೊಡ ಹೊತ್ತು ನೀರು ತಂದಿದ್ದೆ. ನಮ್ಮ ಓಣಿಗೆ ನಲ್ಲಿ ಹಾಕಿಸಿದವರು ಅವರು. ಆ ಪಕ್ಷದ ಒಬ್ಬ ಮನುಷ್ಯ ಪೈಪಿನ ಗುಂಡಿ ತೋಡುವಾಗ ಮೂರು ದಿನ ಬಿಸಿಲಲ್ಲಿ ನಿಂತಿದ್ದ. ಮೊದಲ ನೀರು ಬಂದಾಗ ನಮ್ಮ ಯಜಮಾನರು ನಲ್ಲಿಯ ಕೆಳಗೆ ತಲೆ ಒಡ್ಡಿ ಮಕ್ಕಳ ಹಾಗೆ ನೆನೆದರು. ಆಮೇಲೆ ನಾವಿಬ್ಬರೂ ಬೇರೆಯವರ ಕಡೆ ನೋಡಲಿಲ್ಲ. ಆ ಪಕ್ಷದವರು ಬೇರೆ ಕಡೆ ಏನೇನು ಮಾಡಿದ್ದರೋ, ಹುಡುಗಿಯರು ಹೇಳುವುದರಲ್ಲಿ ಎಷ್ಟೋ ನಿಜ ಇದ್ದಿರಬಹುದು. ನನಗೆ ಗೊತ್ತಿದ್ದದ್ದು ನಲ್ಲಿ.

ಇನ್ನು ಅವಳ ವಿಷಯ. ಹದಿನೇಳನೇ ರೂಮಿಗೆ ಒಂದು ಹುಡುಗಿ ಬಂದಳು. ಅವಳಪ್ಪ ಟೈಲರ್, ಅದಕ್ಕೆ ಅವಳು ಎಲ್ಲರ ಬಾಯಲ್ಲಿ ಟೈಲರ್ ಮಗಳು. ಸಣ್ಣ ಆಳು, ಮಾತು ಕಡಿಮೆ, ಆದರೆ ಮಾತಾಡಿದರೆ ಸೂಜಿಯ ಹಾಗೆ, ಚುಚ್ಚಿದ ಮೇಲೆಯೇ ಗೊತ್ತಾಗಬೇಕು. ಬಂದ ವಾರದಲ್ಲೇ ನನ್ನ ರಿಜಿಸ್ಟರಿನ ಬೆನ್ನು ಕಿತ್ತುಹೋಗಿರುವುದನ್ನು ನೋಡಿ, "ಅಮ್ಮ, ಇದಕ್ಕೆ ಆಪರೇಷನ್ ಆಗಬೇಕು" ಅಂತ ಎತ್ತಿಕೊಂಡು ಹೋಗಿ ದಪ್ಪ ನೂಲಿನಲ್ಲಿ ಹೊಲಿದು ತಂದಳು. ಅವಳ ಅಕ್ಷರವನ್ನು ನಾನು ಕತ್ತಲಲ್ಲೂ ಹೇಳುತ್ತಿದ್ದೆ. ಅವಳಪ್ಪ ಅವಳಿಗೆ ಅಕ್ಷರ ಕಲಿಸಿದ್ದು ಬಟ್ಟೆಯ ಚೂರಿನ ಮೇಲೆ, ಗುರುತು ಹಾಕುವ ಸೀಮೆಸುಣ್ಣದಲ್ಲಿ. ಬಟ್ಟೆಯ ಮೇಲೆ ಒತ್ತದಿದ್ದರೆ ಸುಣ್ಣ ಹಿಡಿಯುವುದಿಲ್ಲ. ಆ ಅಭ್ಯಾಸ ಹಾಳೆಗೂ ಬಂದಿತ್ತು. ಅವಳು ಒಂದು ಸಾಲು ಬರೆದರೆ ಕೆಳಗಿನ ಮೂರು ಹಾಳೆಗೆ ತಿಳಿಯುತ್ತಿತ್ತು.

ಅವಳು ಬಂದ ಎರಡನೇ ವರ್ಷ ಚುನಾವಣೆ ಬಂತು, ಆಕಡೆಯವರು ಗೆದ್ದರು. ಹಾಸ್ಟೆಲು ಸಾವಿನ ಮನೆ ಆಯಿತು. ಆ ದಿನ ಮಾಡಿದ ಅಡುಗೆ ಮಾಡಿದ ಹಾಗೇ ಉಳಿಯಿತು. ಭಾಷಣ ಬೆಂಚಿನ ಮೇಲೆ ಹತ್ತಿ, ಅವರಿಗೆ ಓಟು ಹಾಕಿದವರು ಎರಡೇ ತರ, ಒಂದು ಕುರುಡರು, ಇನ್ನೊಂದು ತಮ್ಮನ್ನೇ ಮಾರಿಕೊಂಡವರು ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕೈಯೂ ತಟ್ಟಿತು.

ಆ ಗುರುವಾರ ಪೆಟ್ಟಿಗೆಯಲ್ಲಿ ಒಂದು ಚೀಟಿ ಬಂತು. ಓದಿದ ಹುಡುಗಿಯ ದನಿ ನಡುವೆ ನಿಂತು ನಿಂತು ಹೋದದ್ದು ಈಗಲೂ ಕಿವಿಯಲ್ಲಿದೆ.

"ಗೆದ್ದವರಿಗೆ ನಾನೂ ಓಟು ಹಾಕಿದ್ದೇನೆ. ನಮ್ಮ ಮನೆಯಲ್ಲಿ ನಾಲ್ಕು ಜನವೂ ಹಾಕಿದೆವು. ನಮ್ಮನ್ನು ಯಾರೂ ಕೊಂಡುಕೊಂಡಿಲ್ಲ. ಕುರುಡರು ಅನ್ನುವ ಮೊದಲು ಯಾಕೆ ಅಂತ ಒಂದು ಸಲ ಕೇಳಿ. ಕೇಳಿದರೆ ಹೇಳುತ್ತೇನೆ. ನೀವು ಹೇಳುವುದನ್ನೂ ಕೇಳುತ್ತೇನೆ."

ಓದಿ ಮುಗಿಯುತ್ತಲೇ ಒಟ್ಟಿಗೆ ನೂರು ಬಾಯಿ ತೆರೆದವು. ಯಾರು, ಯಾರು, ನಮ್ಮೊಳಗೇ ಇದ್ದಾಳಾ ಅಂತ. ವಾರ್ಡನ್ ಮೇಡಂ ಎದ್ದು ನಿಂತು, ಹೆಸರು ಕೇಳಬಾರದು ಅನ್ನುವುದು ಈ ಪೆಟ್ಟಿಗೆಯಷ್ಟೇ ಹಳೆಯ ಮಾತು, ಮರೆಯಬೇಡಿ ಅಂದರು. ಚೀಟಿಗಳು ನನ್ನ ಕೈಗೆ ಬಂದವು. ಬೇಕೆಂದು ಸವರಿದ್ದಲ್ಲ. ಒಟ್ಟು ಮಾಡಿ ಕೈಚೀಲಕ್ಕೆ ಹಾಕುವಾಗ ಹೆಬ್ಬೆರಳಿಗೆ ತಾನಾಗಿ ಸಿಕ್ಕಿತು. ಒತ್ತಿ ಒತ್ತಿ ಬರೆದಿತ್ತು.

ಮಾರನೇ ದಿನ ಬೆಳಿಗ್ಗೆ ನೀರೊಲೆಯ ಮುಂದೆ ಕೂತಿದ್ದೆ. ಬಿಸಿನೀರಿಗೆ ಕಾಯುತ್ತಾ ಏಳೆಂಟು ಹುಡುಗಿಯರು ಹೆಗಲಿಗೆ ಟವೆಲು ಹಾಕಿಕೊಂಡು ಬಕೀಟು ಹಿಡಿದು ನಿಂತಿದ್ದರು. ನಾನು ಚೀಟಿಗಳನ್ನು ಕೈಚೀಲದಿಂದ ತೆಗೆದೆ.

"ಅದರಲ್ಲಿ ಆ ಚೀಟಿನೂ ಇದೆಯಲ್ಲ ಅಮ್ಮ?" ಭಾಷಣ ಕೇಳಿದಳು.

"ಇದ್ದರೆ ಇರುತ್ತೆ. ಇನ್ನೊಂದು ಗಳಿಗೆಗೆ ಬೂದಿ."

"ನಿಮ್ಮ ಹೆಬ್ಬೆರಳಿಗೆ ಗೊತ್ತಾಗಿರುತ್ತೆ ಬಿಡಿ."

"ಗೊತ್ತಾದರೂ ಹೇಳೋ ಹಾಗಿಲ್ಲ ಕಣ್ರಮ್ಮ" ಅಂದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವರಲ್ಲಿ ಕನ್ನಡಕದ ಹುಡುಗಿಯೊಬ್ಬಳು ಇದ್ದಳು. ಅವಳು ಬಕೀಟು ಕೆಳಗಿಟ್ಟು, "ಅಮ್ಮನ್ನ ಯಾಕ್ರೇ ಕಾಡಿಸ್ತೀರಾ? ಅವರಿಗೆ ಓದಕ್ಕೇ ಬರಲ್ಲ. ರಿಜಿಸ್ಟರಲ್ಲಾದ್ರೆ ರೂಮ್ ನಂಬರ್ ನೋಡ್ಕೊಂಡು ಹೇಳ್ತಾರೆ. ಹೆಬ್ಬೆರಳು ಗಿಬ್ಬೆರಳು ಎಲ್ಲ ಸುಮ್ನೆ" ಅಂದಳು.

ಅವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಯಾರೋ, "ಇಲ್ಲ ಕಣೇ, ಅಮ್ಮನೇ ಬರೆದು ಹಾಕಿರ್ಬೇಕು. ನೋಡು, ಸುಡಕ್ಕೆ ಎಷ್ಟು ಅವಸರ" ಅಂದಳು. ಇನ್ನೂ ಜೋರಾಗಿ ನಕ್ಕರು. ಅದು ತಮಾಷೆ. ತಮಾಷೆ ಅಂತ ನನಗೂ ಗೊತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನಾನು ಅದನ್ನೇ ಮಾಡಿದೆ. ಆ ಚೀಟಿಯನ್ನು ಆರಿಸಿ ಹೊರಗೆ ತೆಗೆದೆ. ಬರಹ ಕಾಣದ ಹಾಗೆ ಮಗುಚಿ, ಎಲ್ಲರೂ ನೋಡಲಿ ಅಂತ ಕೈ ಮುಂದೆ ಚಾಚಿ, ಬೆನ್ನು ಸವರಿದೆ.

"ಹದಿನೇಳನೇ ರೂಮು" ಅಂದೆ. "ಟೈಲರ್ ಮಗಳು."

ಯಾರೂ ನಗಲಿಲ್ಲ. "ಅವಳಾ?" ಅಂದಳು ಭಾಷಣ, ಮೆಲ್ಲಗೆ. ಖಾಲಿ ಬಕೀಟು ಎತ್ತಿಕೊಂಡು ಹೊರಟುಹೋದಳು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಆಮೇಲೆ ನಾನು ಚೀಟಿಯನ್ನು ಒಲೆಗೆ ಹಾಕಿದೆ, ನಿಯಮ ಇತ್ತಲ್ಲ.

ಎಷ್ಟೋ ವರ್ಷ ನಾನು ನನಗೇ ಹೇಳಿಕೊಂಡದ್ದು ಒಂದು ಕತೆ. ಓದು ಬಾರದವಳು ಅಂತ ಹಂಗಿಸಿದರು, ಜಂಬಕ್ಕೆ ಬಿದ್ದು ಬಾಯಿ ಬಿಟ್ಟೆ ಅಂತ. ಜಂಬದ ತಪ್ಪು ಹೇಳಿಕೊಳ್ಳುವುದು ಸುಲಭ, ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ನಿಜ ಅದಲ್ಲ. ಅಮ್ಮನೇ ಬರೆದಿರಬೇಕು ಅಂದಾಗ ನನ್ನ ಗುಟ್ಟು ಹೊರಬಿತ್ತು ಅಂತಲೇ ಅಂದುಕೊಂಡೆ. ಆ ಚೀಟಿಯಲ್ಲಿದ್ದದ್ದು ನನ್ನದೇ ಮಾತು. ನನ್ನ ಮೇಲೆ ಬರಬಾರದು ಅಂತ ಅವಳನ್ನು ತೋರಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಹಸಿವಿಗಲ್ಲ, ಹೆದರಿಕೆಗೆ.

ಹುಡುಗಿಯರು ಕೆಟ್ಟವರಲ್ಲ, ಇದನ್ನೂ ಬರೆಯಬೇಕು. ಒಬ್ಬಳೂ ಅವಳನ್ನು ಬೈಯಲಿಲ್ಲ. ಅವಳು ಬಂದು ಕೂತರೆ ಆ ಬೆಂಚಿನವರ ಊಟ ಬೇಗ ಮುಗಿದುಹೋಗುತ್ತಿತ್ತು, ಅಷ್ಟೇ. ಅವಳು ಬಾತ್‌ರೂಮಿನ ಸಾಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಯಾಕೆ ಅಂತ ಕೇಳಿ ಅಂತ ಬರೆದಿದ್ದಳಲ್ಲ, ಕೇಳುವುದಕ್ಕೂ ಹೋದರು. ಶನಿವಾರ ಮಧ್ಯಾಹ್ನ ಹನ್ನೆರಡು ಜನ ಒಟ್ಟಿಗೆ ಹದಿನೇಳನೇ ರೂಮಿಗೆ ಹೋದರು. ಅವರು ನಿಂತಿದ್ದರು, ಅವಳು ಮಂಚದ ಮೇಲೆ ಕೂತಿದ್ದಳು. ನಾನು ಬಲ್ಬು ಬದಲಾಯಿಸುವ ನೆಪ ಮಾಡಿಕೊಂಡು ಹೊರಗೆ ಓಡಾಡಿದೆ. ಅವಳು ಒಂದು ಮಾತು ಶುರು ಮಾಡಿದರೆ ಮೂರು ಜನ ಮುಗಿಸುತ್ತಿದ್ದರು. ಕೊನೆಗೆ ಅವಳು, "ಕೇಳಕ್ಕೆ ಬಂದಿದ್ದೀರೋ, ಹೇಳಕ್ಕೆ ಬಂದಿದ್ದೀರೋ? ಹೇಳಕ್ಕಾದ್ರೆ ಕೂತ್ಕೊಂಡು ಹೇಳಿ, ಕಾಲು ನೋಯುತ್ತೆ" ಅಂದದ್ದು ಕೇಳಿಸಿತು. ಯಾರೂ ಕೂರಲಿಲ್ಲ. ಮಂಗಳವಾರ ಅವಳ ರೂಮಿನ ಜೊತೆಗಾತಿ ಹಾಸಿಗೆ ಸುತ್ತಿಕೊಂಡು ಒಂಬತ್ತನೇ ರೂಮಿಗೆ ಹೋದಳು.

ಮುಂದಿನ ಗುರುವಾರ ಪೆಟ್ಟಿಗೆ ತೆಗೆಯಲು ಹೋದರೆ ಮುಚ್ಚಳದವರೆಗೆ ತುಂಬಿತ್ತು. ಆ ವಾರ ಓದುವ ಸರದಿ ಹದಿನೇಳನೇ ರೂಮಿನದು. ರೂಮಿನಲ್ಲಿ ಉಳಿದಿದ್ದವಳು ಅವಳೊಬ್ಬಳೇ.

ಮೇಡಂ ಅವಳನ್ನು ಪಕ್ಕಕ್ಕೆ ಕರೆದು, ಬೇಡ, ಬೇರೆ ಯಾರಾದರೂ ಓದಲಿ ಅಂದರು. ಸರದಿ ಸರದಿಯೇ ಮೇಡಂ ಅಂದಳು. ಹೋಗಿ ನಿಂತು ಓದಿದಳು. ಒಂದು ಚೀಟಿಯಲ್ಲೂ ಹೆಸರಿಲ್ಲ, ಎಲ್ಲ ಚೀಟಿಯೂ ಅವಳ ಮೇಲೆಯೇ. ನಾಚಿಕೆಯಾಗಬೇಕು ಅಂತ ಒಂದು. ಇಂಥವರ ಜೊತೆ ಒಂದೇ ಸೂರಿನಡಿ ಮಲಗಲು ಭಯವಾಗುತ್ತದೆ ಅಂತ ಇನ್ನೊಂದು. ಸೂಜಿ ಹಿಡಿಯುವ ಕೈಗೆ ಓಟು ಯಾಕೆ ಕೊಟ್ಟರೋ ಅಂತ ಮತ್ತೊಂದು. ಉಪ್ಪು ಹೆಚ್ಚಾಗಿದೆ ಅನ್ನುವ ಚೀಟಿ ಓದುವ ದನಿಯಲ್ಲೇ ಎಲ್ಲ ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ. ಭಾಷಣ ತಟ್ಟೆ ನೋಡುತ್ತಾ ಕೂತಿದ್ದಳು. ಓದಿ ಮುಗಿಸಿ ಚೀಟಿಗಳನ್ನು ಅಂಚಿಗೆ ಅಂಚು ಕೂಡಿಸಿ, ಬಟ್ಟೆ ಮಡಿಸಿದ ಹಾಗೆ ಮಡಿಸಿ ನನ್ನ ಕೈಗೆ ಕೊಟ್ಟಳು.

"ಇಪ್ಪತ್ಮೂರಿದೆ ಅಮ್ಮ. ನಾಳೆ ನೀರು ಬೇಗ ಕಾಯುತ್ತೆ" ಅಂದಳು.

ಮಾರನೇ ದಿನ ಮಧ್ಯಾಹ್ನ ನನ್ನ ಗೂಡಿಗೆ ಬಂದಳು. ಹೊರಗೆ ಹೋಗುವುದಕ್ಕಲ್ಲ. ಸ್ಟೂಲಿನ ಪಕ್ಕ ಗೋಡೆಗೆ ಒರಗಿ ನಿಂತಳು. ಆಮೇಲೆ ಕೇಳಿದಳು, "ಅಮ್ಮ, ಪೆಟ್ಟಿಗೆ ಬೀಗದ ಕೈ ನಿಮ್ಮ ಹತ್ತಿರ ಬಿಟ್ಟು ಇನ್ಯಾರ ಹತ್ತಿರ ಇದೆ?"

ನಾನೇ ಕಣಮ್ಮ, ನಾನೇ ಹೇಳಿದ್ದು ಅನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆ.

"ಮೇಡಂ ಹತ್ತಿರ ಇನ್ನೊಂದು ಇದೆ."

"ಓ" ಅಂದಳು. ಅಷ್ಟೇ. ಒಂದು ತಪ್ಪಿಗೆ ಇನ್ನೊಂದು ತೇಪೆ ಹಾಕಿದೆ. ಅವಳು ಆ ದಿನದಿಂದ ಮೇಡಂ ಎದುರಿಗೆ ಸಿಕ್ಕರೆ ದಾರಿ ಬಿಟ್ಟು ಗೋಡೆ ಕಡೆ ಸರಿಯುತ್ತಿದ್ದಳು. ಮೇಡಂಗೆ ಯಾಕೆ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಇಡೀ ಹಾಸ್ಟೆಲಿನಲ್ಲಿ ಅವಳ ಪರವಾಗಿ ಎದ್ದು ನಿಂತವರು ಅವರೊಬ್ಬರೇ, ಅವರ ಮೇಲೆಯೇ ನಾನು ಕೆಸರು ಹಾಕಿದೆ.

ಆಮೇಲೆ ನಾನು ಅವಳಿಗೆ ಮಾಡಿದ ಉಪಚಾರ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ಅವಳಿಗಾಗಿ ಟೀ ತೆಗೆದಿಡುತ್ತಿದ್ದೆ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅದೂ ಇದೂ ಮಾತಾಡಿಸುತ್ತಿದ್ದೆ. ಅವಳು ಅಪ್ಪನ ಅಂಗಡಿಯ ಸುದ್ದಿ ಹೇಳುತ್ತಿದ್ದಳು. ಸರಕಾರಿ ಶಾಲೆಯ ಮಕ್ಕಳ ಬಟ್ಟೆ ಹೊಲಿಯುವ ಕೆಲಸ ಹಿಂದೆ ದೊಡ್ಡ ಕಾರ್ಖಾನೆಯೊಂದಕ್ಕೇ ಹೋಗುತ್ತಿತ್ತಂತೆ, ಆಕಡೆಯವರು ಹೋದ ಸಲ ಅಧಿಕಾರಕ್ಕೆ ಬಂದಾಗ ಸಣ್ಣ ಟೈಲರುಗಳಿಗೆ ಹಂಚಿದ್ದರಂತೆ. ಅದಕ್ಕೇ ಮನೆಯಲ್ಲಿ ನಾಲ್ಕು ಓಟೂ ಅವರಿಗೇ. ಅವರದು ಎಲ್ಲವೂ ಸರಿ ಅಂತ ನಾನೂ ಹೇಳಲ್ಲ ಅಮ್ಮ ಅಂದಳು. ನನ್ನ ನಾಲಿಗೆಯ ತುದಿಗೆ ನಮ್ಮ ಓಣಿಯ ನಲ್ಲಿ ಬಂದು ನಿಂತಿತ್ತು. ಹೇಳಿದ್ದರೆ ಅವಳಿಗೆ ಆ ಕಟ್ಟಡದಲ್ಲಿ ಇನ್ನೊಂದು ಜೀವ ಜೊತೆಗಿದೆ ಅಂತ ಆಗುತ್ತಿತ್ತು. ಹೂಂ ಹೂಂ ಅಂತ ಟೀ ಕುಡಿದೆ.

ಒಂದು ಸಲ ಪ್ರಯತ್ನ ಮಾಡಿದೆ. ಒಂದು ಬುಧವಾರ ಮಧ್ಯಾಹ್ನ ಗೂಡಿನ ಬಾಗಿಲು ಹಾಕಿಕೊಂಡು, ರಿಜಿಸ್ಟರಿನ ಕೊನೆಯ ಹಾಳೆ ಹರಿದು, ಜನ್ಮದಲ್ಲಿ ಮೊದಲ ಸಲ ಅನಿಸಿಕೆ ಪೆಟ್ಟಿಗೆಗೆ ಚೀಟಿ ಬರೆದೆ. ಎರಡು ಸಾಲಿಗೆ ಒಂದು ಗಂಟೆ ಹಿಡಿಯಿತು. ಗೆದ್ದವರಿಗೆ ನಾನೂ ಓಟು ಹಾಕಿದ್ದೇನೆ. ಚೀಟಿ ತೋರಿಸಿಕೊಟ್ಟವಳು ಬಾಗಿಲಲ್ಲಿ ಕೂರುವ ನಾನು. ಇಷ್ಟೇ. ಹೆಸರು ಬರೆಯುವ ಹಾಗಿಲ್ಲ, ಆದರೆ ಬಾಗಿಲಲ್ಲಿ ಕೂರುವವಳು ಒಬ್ಬಳೇ. ಯಾರೂ ಇಲ್ಲದಾಗ ಹೋಗಿ ಹಾಕಿಬಂದೆ. ವಾಪಸು ಬರುವಾಗ ಮೈ ಹಗುರವಾಗಿತ್ತು, ಮೆಟ್ಟಿಲನ್ನು ಎರಡೆರಡು ಹಾರಿದೆ.

ಗುರುವಾರ ಬೆಳಿಗ್ಗೆ ಎದ್ದಾಗ ಆ ಹಗುರ ಇರಲಿಲ್ಲ. ಕೆಲಸ ಹೋಗುತ್ತದೆ, ಮಗನ ಓದು ಏನಾಗಬೇಕು ಅಂತ ಮೊದಲು ಯೋಚಿಸಿದೆ. ಆಮೇಲೆ, ಹುಡುಗಿಯರು ಅಮ್ಮ ಅಂತ ಕರೆಯುವುದನ್ನು ಬಿಡುತ್ತಾರೆ ಅಂತ ಯೋಚಿಸಿದೆ. ನನ್ನ ಬೆಂಚಿನವರ ಊಟವೂ ಬೇಗ ಮುಗಿಯುತ್ತದೆ ಅಂತ. ಮಧ್ಯಾಹ್ನದ ಊಟದ ನಂತರ ಹಾಲಿನಲ್ಲಿ ಯಾರೂ ಇಲ್ಲದಾಗ ಹೋಗಿ, ನನ್ನದೇ ಬೀಗದ ಕೈಯಿಂದ ಪೆಟ್ಟಿಗೆ ತೆಗೆದು, ನನ್ನದೇ ಚೀಟಿಯನ್ನು ಹುಡುಕಿ ತೆಗೆದುಕೊಂಡೆ. ಹುಡುಕಲು ಕಷ್ಟವಾಗಲಿಲ್ಲ. ಅಷ್ಟು ವಕ್ರ ಅಕ್ಷರ ಬೇರೆ ಯಾರದೂ ಇರಲಿಲ್ಲ. ಅದೂ ನೀರೊಲೆಗೆ ಹೋಯಿತು. ಉಳಿದ ಹುಡುಗಿಯರೆಲ್ಲ ಹಾಕಿದ ಮಾತನ್ನು ವಾಪಸು ತೆಗೆಯುವ ಹಾಗಿರಲಿಲ್ಲ. ಆ ಸವಲತ್ತು ಇದ್ದದ್ದು ನನಗೊಬ್ಬಳಿಗೇ.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಅವಳು ಇಲ್ಲಿಯ ಓದು ಬಿಟ್ಟು, ತಮ್ಮೂರಿನ ಹತ್ತಿರದ ಬೇರೆ ಕಾಲೇಜಿಗೆ ಸೇರುತ್ತೇನೆ ಅಂದಳು. ಅಲ್ಲಿ ಅವಳು ಓದುತ್ತಿದ್ದ ವಿಷಯ ಇರಲಿಲ್ಲ, ಬೇರೆ ಯಾವುದನ್ನೋ ಮೊದಲಿನಿಂದ ಓದಬೇಕಿತ್ತು. ಕರೆದುಕೊಂಡು ಹೋಗಲು ಅವಳಪ್ಪ ಬಂದರು. ಸಣ್ಣ ಆಳು, ಕೊರಳಪಟ್ಟಿಯ ಒಳಗೆ ಎರಡು ಗುಂಡುಸೂಜಿ ಚುಚ್ಚಿಕೊಂಡೇ ಬಂದಿದ್ದರು, ತೆಗೆಯುವುದು ಮರೆತಿತ್ತೋ ಏನೋ. ಮಗಳು ಮೇಲೆ ಟ್ರಂಕು ಕಟ್ಟುತ್ತಿದ್ದಳು. ಅವರನ್ನು ನನ್ನ ಗೂಡಿನಲ್ಲಿ ಕೂರಿಸಿದೆ.

"ಅಕ್ಕಾ, ನಿಮಗೆ ಒಂದು ಮಾತು ಹೇಳಬೇಕು ಅಂತಲೇ ಬೇಗ ಬಂದೆ" ಅಂದರು. "ಇಲ್ಲಿ ಏನಾಯ್ತು ಅಂತ ಅವಳು ಪೂರ್ತಿ ಹೇಳಲ್ಲ. ಆದರೆ ಎಲ್ಲ ಕಾಗದದಲ್ಲೂ ನಿಮ್ಮ ಸುದ್ದಿ ಬರೀತಿದ್ದಳು. ನನ್ನ ಹತ್ತಿರ ಮಾತಾಡೋರು ಇಲ್ಲಿ ಅವರೊಬ್ಬರೇ ಅಪ್ಪ ಅಂತ."

ಚೀಲದಿಂದ ಒಂದು ಕೋಟು ತೆಗೆದರು. ಕಂದು ಉಣ್ಣೆಯದು, ಮೊಣಕಾಲವರೆಗೆ ಬರುವಂಥದ್ದು. ಬಾಗಿಲಲ್ಲಿ ಕೂರುತ್ತೀರಂತೆ, ಗಾಳಿ ಬೀಸುತ್ತದಂತೆ, ಅಳತೆ ಮಗಳು ಕಣ್ಣಂದಾಜಿನಲ್ಲಿ ಬರೆದು ಕಳಿಸಿದ್ದಳು ಅಂದರು. ಬೇಡ ಅಂದರೂ ಬಿಡದೆ ಹಾಕಿಸಿದರು. ಅಂಚು ಸಮ ಇದೆಯೋ ನೋಡಲು ನನ್ನ ಕಾಲ ಹತ್ತಿರ ಮೊಣಕಾಲೂರಿದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಒಳಗಡೆ ಎಡಕ್ಕೆ ಒಂದು ಜೇಬಿದೆ ನೋಡಿ, ಗುಂಡಿ ಹಾಕಿದ್ದೀನಿ. ಬೀಗದ ಕೈಗೆ. ಅವಳೇ ಹೇಳಿದ್ದು, ಅಮ್ಮನ ಹತ್ತಿರ ಬೀಗದ ಕೈ ಬಹಳ ಇರುತ್ತೆ, ಬೀಳಬಾರದು ಅಂತ" ಅಂದರು.

ತಲೆ ಎತ್ತಿದರೆ ಅವಳು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಸರಿಯಾಗಿದೆ ಅಪ್ಪ, ಬಿಡಿ" ಅಂದಳು.

ಹೇಳುವುದಿದ್ದರೆ ಅದೇ ಹೊತ್ತು. ಅವರು ಎದ್ದು ಮೊಣಕಾಲಿನ ಧೂಳು ಕೊಡವಿಕೊಳ್ಳುವಷ್ಟು ಹೊತ್ತು ಸಿಕ್ಕಿತ್ತು. ನಾನು ಗುಂಡಿ ಹಾಕುತ್ತಾ ತೆಗೆಯುತ್ತಾ ನಿಂತೆ. ಬಹಳ ಚೆನ್ನಾಗಿದೆ ಅಣ್ಣಾ ಅಂದೆ. ಅವಳು ಬಂದು ರಿಜಿಸ್ಟರಿನಲ್ಲಿ ಹೆಸರು, ರೂಮು, ಹೋದ ಹೊತ್ತು ಬರೆದಳು. ಬಂದ ಹೊತ್ತಿನ ಜಾಗದಲ್ಲಿ ಒಂದು ಗೆರೆ ಎಳೆದಳು. "ಬರ್ತೀನಿ ಅಮ್ಮ, ರಿಜಿಸ್ಟರ್ ಹೊಲಿಗೆ ಇನ್ನೆರಡು ವರ್ಷ ಬರುತ್ತೆ" ಅಂತ ಹೇಳಿ ಹೋದಳು. ನಾನು ಹಾಳೆ ಮಗುಚಿ ಸವರಿದೆ. ಹೆಸರಿಗಿಂತ ಆ ಗೆರೆಯೇ ಹೆಚ್ಚು ಉಬ್ಬಿತ್ತು.

ಆ ಜೇಬು ಅವಳು ಪ್ರೀತಿಗೆ ಹೇಳಿ ಹಾಕಿಸಿದ್ದೋ, ಗೊತ್ತಿದ್ದೇ ಹಾಕಿಸಿದ್ದೋ ಅಂತ ಇಪ್ಪತ್ತಾರು ವರ್ಷ ಯೋಚನೆ ಮಾಡಿದ್ದೇನೆ. ಪ್ರೀತಿಗೇ ಅಂತ ಅನ್ನಿಸುತ್ತದೆ. ಗೊತ್ತಿದ್ದು ಹಾಕಿಸಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆ ಕೋಟನ್ನು ಮತ್ತೆ ಮೈಗೆ ಹಾಕಲಿಲ್ಲ. ಯಾಕಮ್ಮ ಅಂತ ಮಗ ಕೇಳಿದಾಗ ಬಿಗಿಯಾಗುತ್ತದೆ ಅಂದೆ. ಅಷ್ಟು ಸರಿಯಾಗಿ ಕೂತ ಬಟ್ಟೆ ನನ್ನ ಜನ್ಮದಲ್ಲೇ ಇನ್ನೊಂದಿಲ್ಲ.

ಭಾಷಣಕ್ಕೆ ಒಂದು ಮಾತು. ನೀನು ಮಾಡಿದ್ದು ಇಪ್ಪತ್ತರ ಬಿಸಿ, ನಾನು ಮಾಡಿದ್ದು ನಲವತ್ತೆಂಟಕ್ಕೆ, ತಿಳಿದು ತಿಳಿದು. ಯಾರು ಏನು ಬೇಕಾದರೂ ಹೇಳಬಹುದಿತ್ತು ಅಂತ ನೀನು ಬರೆಯುವುದಾದರೆ, ಅದರ ಕೆಳಗೆ ಇದನ್ನೂ ಹಾಕು. ಅವಳ ವಿಳಾಸ ನನ್ನ ಹತ್ತಿರ ಇಲ್ಲ, ಹಳೆಯ ಹುಡುಗಿಯರಲ್ಲಿ ಯಾರಿಗಾದರೂ ಗೊತ್ತಿದ್ದರೆ ಒಂದು ಪುಸ್ತಕ ಅವಳಿಗೆ ಕಳಿಸಿ. ಮೇಡಂ ತೀರಿಕೊಂಡರು, ಅವರಿಗೆ ಹ್ಯಾಗೆ ಹೇಳುವುದೋ ತಿಳಿಯದು.

ಮೊಮ್ಮಗಳು ಕಂಪ್ಯೂಟರಿನಲ್ಲಿ ಹೊಡೆದುಕೊಡುತ್ತೇನೆ ಅಜ್ಜಿ ಅಂದಳು, ಬೇಡ ಅಂದೆ. ನನ್ನದೇ ವಕ್ರ ಅಕ್ಷರದಲ್ಲಿ, ಒಂದು ತಿಂಗಳು ಹಿಡಿದು ಬರೆದಿದ್ದೇನೆ. ಈಗ ಲಕೋಟೆ ಅಂಟಿಸಿ, ಬೀದಿ ಕೊನೆಯ ಪೋಸ್ಟ್ ಡಬ್ಬಕ್ಕೆ ನಾನೇ ಹೋಗಿ ಹಾಕುತ್ತೇನೆ. ಅದರ ಬೀಗದ ಕೈ ನನ್ನ ಹತ್ತಿರ ಇಲ್ಲ.